ಮೂವತ್ತೈದರ ಗೆರೆಯೂ ಶಿರೀನ್ ತಾಜಳೂ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರನ್ನೂ ಹೊಗಳಿ ಅಭ್ಯಾಸವಿಲ್ಲ. ಅಜ್ಜಂಪುರದ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ಪಂಕಜಾಕ್ಷಿ ನಾನು. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ನೂರಕ್ಕೆ ತೊಂಬತ್ತೆಂಟು ತೆಗೆದ ಹುಡುಗನನ್ನೂ ‘ಆ ಎರಡು ಎಲ್ಲಿ ಕಳ್ಕೊಂಡ್ಯೋ?’ ಅಂತ ಗದರಿಸುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಕೆಂಪಿಂಕು’ ಅನ್ನುತ್ತಿದ್ದರು. ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ. ಅಂಥವಳು ಈಗ ಕೂತು ಒಬ್ಬ ಹೆಣ್ಣುಮಗಳ ಬಗ್ಗೆ, ಅದೂ ನನ್ನ ವಿಷಯದಲ್ಲೇ ಫೇಲಾದವಳ ಬಗ್ಗೆ, ಒಳ್ಳೆಯ ಮಾತು ಬರೆಯುತ್ತಿದ್ದೇನೆ ಅಂದರೆ ನಮ್ಮ ಯಜಮಾನರಿಗೆ ನಗು. ನಗಲಿ ಬಿಡಿ, ಪಾಪ, ಅವರಿಗೂ ನಗುವ ಸಂದರ್ಭ ಕಡಿಮೆ.

ಅವಳ ಹೆಸರು ಶಿರೀನ್ ತಾಜ್. ರಿಟೈರಾದ ಮೇಲೆ ನಾವು ಬಂದು ನೆಲೆಸಿದ ತರೀಕೆರೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಮೆಡಿಕಲ್ ಷಾಪಿನ ಮಹಡಿ ಮೇಲೆ ಒಂದು ರಕ್ತಪರೀಕ್ಷೆಯ ಲ್ಯಾಬಿದೆ. ಅಲ್ಲಿ ಹನ್ನೆರಡು ವರ್ಷದಿಂದ ರಕ್ತ ತೆಗೆಯುವುದು ಅವಳ ಕೆಲಸ. ವಯಸ್ಸು ಮೂವತ್ತೆಂಟೋ ಮೂವತ್ತೊಂಬತ್ತೋ. ಬಿಳಿ ಕೋಟು, ತಲೆ ಮೇಲೆ ತಿಳಿ ಹಸಿರು ಸ್ಕಾರ್ಫು, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಲಿಂಗದಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ವಯಸ್ಸಾದವರು ಉಸಿರು ಬಿಡುತ್ತಾ ಮೆಟ್ಟಿಲು ಹತ್ತಲಾರದೆ ನಿಂತರೆ, ಸೂಜಿ ಟ್ಯೂಬು ತಟ್ಟೆಯಲ್ಲಿಟ್ಟುಕೊಂಡು ಇವಳೇ ಕೆಳಗಿಳಿದು ಹೋಗಿ ಮೆಡಿಕಲ್ ಷಾಪಿನ ಸ್ಟೂಲಿನ ಮೇಲೆ ಕೂರಿಸಿ ರಕ್ತ ತೆಗೆಯುತ್ತಾಳೆ. ಲ್ಯಾಬಿನ ಮಾಲೀಕ ಅಭಿಲಾಷ್‌ಗೆ ಇದು ಅಷ್ಟು ಇಷ್ಟವಿಲ್ಲ, ಆದರೆ ಇವಳನ್ನು ಬಿಟ್ಟರೆ ಅವನ ಲ್ಯಾಬು ನಡೆಯುವುದಿಲ್ಲ ಅನ್ನುವುದು ಅವನಿಗೂ ಗೊತ್ತು.

ನಾನು ಆ ಮೆಟ್ಟಿಲು ಮೊದಲು ಹತ್ತಿದ್ದು 2021ರಲ್ಲಿ. ಆರು ತಿಂಗಳಿಂದ ಹೊಟ್ಟೆ ಉಬ್ಬರ. ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗೆ. ಸೊಂಟದ ದಾರ ಬಿಗಿಯಾಗುತ್ತಿತ್ತು, ಮುಖ ಮಾತ್ರ ಇಳಿಯುತ್ತಿತ್ತು. ಗ್ಯಾಸು ಅಂದುಕೊಂಡು ಶುಂಠಿ ಕಷಾಯ ಕುಡಿದೆ, ಓಮ ಅಗಿದೆ, ಪಕ್ಕದ ಮನೆ ತೀರ್ಥಮ್ಮ ಹೇಳಿದ ಮಾತ್ರೆಯನ್ನೆಲ್ಲ ನುಂಗಿದೆ. ಕೊನೆಗೆ ಸ್ಕ್ಯಾನಿಂಗಿನಲ್ಲಿ ಹೊಟ್ಟೆಯೊಳಗೆ ನೀರು ತುಂಬಿದ್ದೂ ಅಂಡಾಶಯದಲ್ಲಿ ಗಡ್ಡೆ ಇದ್ದದ್ದೂ ಕಂಡಿತು. ಡಾಕ್ಟರು ಚೀಟಿಯಲ್ಲಿ ‘ಸಿಎ 125’ ಅಂತ ಒಂದು ರಕ್ತಪರೀಕ್ಷೆ ಬರೆದು ಲ್ಯಾಬಿಗೆ ಕಳಿಸಿದರು.

ಮುಖಕ್ಕೆ ಮಾಸ್ಕು ಹಾಕಿಕೊಂಡಿದ್ದ ಹೆಂಗಸು ನನ್ನ ತೋಳಿಗೆ ರಬ್ಬರು ಕಟ್ಟಿ, ನರ ಹುಡುಕುತ್ತಾ ಹೇಳಿದಳು:

“ಕೈ ಸಡಿಲ ಬಿಡಿ ಟೀಚರ್.”

“ಬಿಟ್ಟಿದೀನಲ್ಲ.”

“ಎಲ್ಲಿ ಬಿಟ್ಟಿದೀರ? ನೀವ್ ಯಾವತ್ತೂ ಸಡಿಲ ಬಿಟ್ಟೋರೇ ಅಲ್ಲ.”

“ಯಾರೇ ನೀನು?” ಅಂದೆ.

“ಅಜ್ಜಂಪುರದ ಶಿರೀನ್ ತಾಜ್ ಟೀಚರ್. ಸ್ಟೌ ರಿಪೇರಿ ನಜೀರ್ ಅಹಮದ್ ಮಗಳು. ನಿಮ್ಮತ್ರ ಎರಡ್ ವರ್ಷ ಒಂಬತ್ತನೇ ಕ್ಲಾಸ್ ಓದಿದೀನಿ.”

ಎರಡು ವರ್ಷ ಯಾಕೆ ಓದಿದಳು ಅನ್ನುವುದು ನನಗೆ ತಕ್ಷಣ ನೆನಪಾಯಿತು. ಅಷ್ಟರಲ್ಲಿ ಅವಳು ರಕ್ತ ತೆಗೆದು ಹತ್ತಿ ಒತ್ತಿ ಆಗಿತ್ತು. ಚುಚ್ಚಿದ್ದು ಗೊತ್ತಾಗಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಮೂವತ್ತನಾಲ್ಕು ಬಂದಿತ್ತು. ಪಾಸಾಗಲು ಮೂವತ್ತೈದು. ಅವಳ ಅಪ್ಪ ಶಾಲೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದರು. ಉಗುರಿನ ಸಂದಿಯಲ್ಲೆಲ್ಲ ಸೀಮೆಎಣ್ಣೆಯ ಕಪ್ಪು.

“ಟೀಚರಮ್ಮಾ, ಒಂದೇ ಒಂದ್ ಮಾರ್ಕು. ಮಗೀಗೆ ಒಂದ್ ವರ್ಷ ಹೋಗ್ಬಿಡ್ತದೆ.”

“ನೀವು ಕುಕ್ಕರ್ ರಿಪೇರಿ ಮಾಡ್ತೀರಲ್ಲ, ಮುಚ್ಚಳ ಒಂದು ಕೂದಲೆಳೆಯಷ್ಟು ಸಡಿಲ ಇದ್ರೆ ಹಾಗೇ ಕೊಟ್ಟು ಕಳಿಸ್ತೀರಾ?” ಅಂತ ಕೇಳಿದೆ.

ಅವರು ಸ್ವಲ್ಪ ಯೋಚಿಸಿದರು. “ಇಲ್ಲ ಟೀಚರಮ್ಮಾ. ಕೊಡಕ್ಕಾಗಲ್ಲ,” ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಎಂಥ ಉತ್ತರ ಕೊಟ್ಟೆ ಅಂತ ನಾನು ಆವತ್ತು ಬೀಗಿದ್ದೆ. ಫೇಲಾದ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುವ ಕಾಲ. ನೆಂಟರು ಹಾಗೇ ಮಾಡು ಅಂದರೂ ಆ ಮನುಷ್ಯ ಕೇಳದೆ ಮಗಳನ್ನು ಅದೇ ಕ್ಲಾಸಿಗೆ ವಾಪಸು ಕಳಿಸಿದರು. ಅವಳು ಬಂದು ಅದೇ ಎರಡನೇ ಬೆಂಚಿನಲ್ಲಿ, ತನಗಿಂತ ಚಿಕ್ಕ ಹುಡುಗಿಯರ ಜೊತೆ ಕೂತಳು. ಮರುವರ್ಷ ಎಪ್ಪತ್ತೊಂದು ತೆಗೆದಳು. ನಾನು ಆಗಲೂ ‘ಆ ಇಪ್ಪತ್ತೊಂಬತ್ತು ಎಲ್ಲಿ ಹೋಯ್ತೇ?’ ಅಂದಿರಬೇಕು.

ಆ ಮೊದಲ ರಿಪೋರ್ಟಿನಲ್ಲಿ ನನ್ನ ನಂಬರು ಆರುನೂರ ಹನ್ನೆರಡು. ಪಕ್ಕದಲ್ಲಿ, ‘ಸಾಮಾನ್ಯವಾಗಿ 35ರ ಒಳಗಿರಬೇಕು’ ಅಂತಿತ್ತು. ಮೂವತ್ತೈದು! ಜೀವಮಾನವೆಲ್ಲ ಯಾವ ಸಂಖ್ಯೆಯ ಕೆಳಗೆ ಕೆಂಪು ಗೆರೆ ಎಳೆದಿದ್ದೆನೋ ಅದೇ ಸಂಖ್ಯೆ. ಇಲ್ಲಿ ಮಾತ್ರ ತಿರುಗಾಮುರುಗಾ. ಮೂವತ್ತೈದು ದಾಟಿದರೆ ಫೇಲು, ಒಳಗಿದ್ದರೆ ಪಾಸು. ನಾನು ಹಾಗೇ ಅರ್ಥಮಾಡಿಕೊಂಡೆ. ಯಾರೂ ಹಾಗೆ ಹೇಳಿರಲಿಲ್ಲ.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ಆಮೇಲೆ ಆರು ಸಲ ಕೀಮೋ. ಪ್ರತಿ ಕೀಮೋಗೆ ಮುಂಚೆ ಶಿರೀನ್ ರಕ್ತ ತೆಗೆಯುತ್ತಿದ್ದಳು. ನನ್ನ ನರಗಳು ಆ ಔಷಧಿಗೆ ಸುಟ್ಟು ದಾರದ ಹಾಗಾಗಿದ್ದವು, ಆಸ್ಪತ್ರೆಯಲ್ಲಿ ಮೂರು ಮೂರು ಕಡೆ ಚುಚ್ಚಿದರೂ ಸಿಗುತ್ತಿರಲಿಲ್ಲ. ಇವಳು ಮಾತ್ರ ಬಿಸಿನೀರಿನ ಬಟ್ಟೆ ಸುತ್ತಿ ಐದು ನಿಮಿಷ ಕಾದು, ಒಂದೇ ಸಲಕ್ಕೆ ತೆಗೆಯುತ್ತಿದ್ದಳು. ಸಿಎ 125 ಪರೀಕ್ಷೆ ಮಾಡುವ ಮಷೀನು ತರೀಕೆರೆಯಲ್ಲಿಲ್ಲ. ರಕ್ತದ ಟ್ಯೂಬನ್ನು ಒಂದು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಐಸಿನ ಡಬ್ಬಿಯಲ್ಲಿಟ್ಟು, ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗದ ದೊಡ್ಡ ಲ್ಯಾಬಿಗೆ ಕಳಿಸಬೇಕು. ಡಬ್ಬಿ ಕಂಡಕ್ಟರ ಕೈಗೆ ಹೋಗುವ ತನಕ ಇವಳು ಊಟಕ್ಕೆ ಏಳುತ್ತಿರಲಿಲ್ಲ. ಆರುನೂರ ಹನ್ನೆರಡು ಇದ್ದದ್ದು ಆಪರೇಷನ್ ಆದ ಮೇಲೆ ಇನ್ನೂರ ನಲವತ್ತಾಯಿತು, ಆಮೇಲೆ ಎಂಬತ್ತೆಂಟು, ಮೂವತ್ತೊಂದು, ಹನ್ನೆರಡು. ಕೊನೆಗೆ ಏಳಕ್ಕೆ ಬಂದು ನಿಂತಿತು. ಔಷಧಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ, ವಾಂತಿ ಮಾಡಿಕೊಂಡು ಮಲಗಿದ್ದ ನನಗೆ ಆ ನಂಬರೊಂದೇ ಸಮಾಧಾನ. ಏಳು ಬಂದ ದಿನ ಅವಳೇ ಫೋನ್ ಮಾಡಿ, “ಟೀಚರ್, ಏಳು! ಸಿಂಗಲ್ ಡಿಜಿಟ್ಟು!” ಅಂತ ಕೂಗಿದ್ದಳು. ನಾನು ಅತ್ತುಬಿಟ್ಟೆ. ಅವಳಿಗೆ ಗೊತ್ತಾಗದ ಹಾಗೆ ಫೋನನ್ನು ಯಜಮಾನರ ಕೈಗೆ ಕೊಟ್ಟೆ.

ಸುದ್ದಿ ಕೇರಿಯಲ್ಲಿ ಹಬ್ಬಿತು. ತೀರ್ಥಮ್ಮ ಇನ್ನೂ ಮೂರು ಜನ ಹೆಂಗಸರನ್ನು ಕಟ್ಟಿಕೊಂಡು ಲ್ಯಾಬಿಗೆ ಹೋದಳು, ನಾನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

“ನಮ್ಗೂ ಆ ಕ್ಯಾನ್ಸರ್ ಟೆಸ್ಟು ಮಾಡ್ಬಿಡಮ್ಮ. ಮನಸ್ಸಿಗೆ ನೆಮ್ಮದಿ ಇರ್ತದೆ,” ಅಂದಳು ತೀರ್ಥಮ್ಮ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಟ್ಯೂಬು ರಕ್ತ ತೆಗೆದು ಕಳಿಸುತ್ತಿದ್ದರು. ಶಿರೀನ್ ಸೂಜಿ ಮುಟ್ಟಲಿಲ್ಲ.

“ಅಕ್ಕಾ, ಏನೂ ತೊಂದ್ರೆ ಇಲ್ದೋರು ಸುಮ್ನೆ ಮಾಡಿಸ್ಕೊಳೋ ಟೆಸ್ಟಲ್ಲ ಇದು. ಮುಟ್ಟಿನ ದಿನ ತೆಗೆದ್ರೂ ಜಾಸ್ತಿ ಬರ್ತೈತೆ. ಹೊಟ್ಟೇಲಿ ಟಿ.ಬಿ. ಇದ್ರೂ, ಲಿವರ್ ಕೆಟ್ಟಿದ್ರೂ ಬರ್ತೈತೆ. ಸುಮ್ಸುಮ್ನೆ ಎದೆ ಒಡ್ಕೋತೀರ. ಇನ್ ಕೆಲವ್ರಿಗೆ ಕಾಯಿಲೆ ಇದ್ರೂ ಏರೋದೇ ಇಲ್ಲ. ನಿಮಗೆ ದಿನಾ ಹೊಟ್ಟೆ ಉಬ್ಬರ, ಕಿಬ್ಬೊಟ್ಟೆ ನೋವು ಏನಾರ ಇದ್ರೆ ಮೊದ್ಲು ಡಾಕ್ಟ್ರಿಗೆ ತೋರಿಸ್ರಿ. ಅವರು ಬರೆದುಕೊಟ್ರೆ ನಾನ್ ತೆಗೀತೀನಿ.”

ನಾಲ್ಕೂ ಜನ ಮುಖ ಊದಿಸಿಕೊಂಡು ಇಳಿದು ಹೋದರು. ಬಂದ ಗಿರಾಕಿಗಳನ್ನು ವಾಪಸು ಕಳಿಸಿದ್ದಕ್ಕೆ ಅಭಿಲಾಷ್ ಅವಳ ಮೇಲೆ ರೇಗಾಡಿದ. ಇವಳು ಟ್ಯೂಬಿಗೆ ಹೆಸರು ಅಂಟಿಸುತ್ತಾ ಕೇಳಿಸಿಕೊಂಡಳು.

ಇನ್ನೊಂದು ಸಲ ಅವನು ಸ್ಯಾಂಪಲ್ಲುಗಳನ್ನು ಬೇರೊಂದು ಊರಿನ ಲ್ಯಾಬಿಗೆ ಕಳಿಸೋಣ ಅಂತ ಹೊರಟ. ಆಗಲಿ, ಆದರೆ ಕ್ಯಾನ್ಸರಿನವರದ್ದು ಮಾತ್ರ ಹಳೇ ಜಾಗಕ್ಕೇ ಹೋಗಬೇಕು ಅಂತ ಇವಳು ಹಟ ಹಿಡಿದಳು. ಒಂದು ಕಂಪನಿಯ ಮಷೀನಿನ ನಂಬರಿಗೂ ಇನ್ನೊಂದರ ನಂಬರಿಗೂ ವ್ಯತ್ಯಾಸ ಬರುತ್ತದಂತೆ. “ಒಂದ್ ತಿಂಗ್ಳು ಒಂದ್ ತಕ್ಕಡಿ, ಮುಂದಿನ್ ತಿಂಗ್ಳು ಇನ್ನೊಂದ್ ತಕ್ಕಡೀಲಿ ತೂಗಿದ್ರೆ, ಮಗು ದಪ್ಪ ಆಯ್ತೋ ಸಣ್ಣ ಆಯ್ತೋ ಹೆಂಗ್ ಗೊತ್ತಾಗ್ತೈತೆ ಸರ್?” ಅಂತ ಕೇಳಿದಳಂತೆ. ಅವನು ಒಪ್ಪಿಕೊಂಡ.

ಲ್ಯಾಬಿನ ರಿಜಿಸ್ಟರು ತಾರೀಖಿನ ಪ್ರಕಾರ ಇರುತ್ತದೆ. ಇವತ್ತು ಯಾರು ಬಂದರು, ಏನು ಬಂತು, ಅಷ್ಟೇ. ಅದಲ್ಲದೆ ಮತ್ತೆ ಮತ್ತೆ ಬರುವವರಿಗಾಗಿ ಶಿರೀನ್ ಇನ್ನೊಂದು ಲಾಂಗ್ ನೋಟ್‌ಬುಕ್ಕು ಮಾಡಿ, ಲ್ಯಾಬಿನ ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದಳು. ಅದು ತಾರೀಖಿನ ಪ್ರಕಾರವಲ್ಲ, ಜನರ ಪ್ರಕಾರ. ಒಬ್ಬೊಬ್ಬರಿಗೆ ಒಂದೊಂದು ಸಾಲು, ನಂಬರುಗಳು ಎಡದಿಂದ ಬಲಕ್ಕೆ ಒಂದರ ಪಕ್ಕ ಒಂದು. ಕಡೂರಿನ ಸಕ್ಕರೆ ಕಾಯಿಲೆಯವರು, ಅಂತರಘಟ್ಟೆಯ ಥೈರಾಯ್ಡಿನವರು, ನನ್ನಂಥ ನಾಲ್ಕೈದು ಜನ, ಎಲ್ಲರೂ ಅದರಲ್ಲಿದ್ದೆವು. ನಾನು ಅದನ್ನು ನೋಡಿ, “ಮಾಡೋಕೆ ಬೇರೆ ಕೆಲ್ಸ ಇಲ್ವೇನೇ?” ಅಂದಿದ್ದೆ.

ಕೀಮೋ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ರಿಪೋರ್ಟು ತೆಗೆದುಕೊಂಡು ಬರಬೇಕು ಅಂತ ಶಿವಮೊಗ್ಗದ ಡಾಕ್ಟರ್ ಅಶ್ವಿನಿ ಹೇಳಿ ಕಳಿಸಿದ್ದರು. ಮೂರು ಸಲ ಹೋದೆ. ಏಳು, ಏಳು, ಎಂಟು. ಆಮೇಲೆ ಬಿಟ್ಟೆ. ಪಾಸಾದ ಮೇಲೂ ಹೆಡ್ ಮೇಷ್ಟರ ಮುಂದೆ ಯಾಕೆ ನಿಲ್ಲಬೇಕು? ರಕ್ತ ಕೊಡುವುದು, ರಿಪೋರ್ಟು ಬಂದಾಗ ಮೂವತ್ತೈದರ ಒಳಗಿದೆಯಾ ನೋಡುವುದು, ಮುಗಿಯಿತು. ಓದಿದ ರಿಪೋರ್ಟನ್ನು ಇಟ್ಟುಕೊಳ್ಳುವ ಪದ್ಧತಿಯೂ ನನಗಿಲ್ಲ. ಫಲಿತಾಂಶ ಹೇಳಿದ ಮೇಲೆ ಉತ್ತರಪತ್ರಿಕೆಯ ಹಿಂಬದಿಯ ಖಾಲಿ ಜಾಗದಲ್ಲಿ ದಿನಸಿ ಪಟ್ಟಿ ಬರೆಯುವುದು ಮೂವತ್ತೊಂದು ವರ್ಷದ ರೂಢಿ. ರಿಪೋರ್ಟುಗಳ ಹಿಂಬದಿಯಲ್ಲೂ ತೊಗರಿಬೇಳೆ ಎರಡು ಕೇಜಿ, ಬೆಲ್ಲ ಒಂದಚ್ಚು ಅಂತ ಬರೆದೆ. ಅವು ಒಂದೊಂದಾಗಿ ಶೆಟ್ಟರ ಅಂಗಡಿ ಸೇರಿದವು.

ಆಮೇಲಿನ ಎರಡು ಸಲವೂ ರಕ್ತ ತೆಗೆಯುವಾಗ ಶಿರೀನ್ ಮೆಲ್ಲಗೆ, “ಹಳೇ ರಿಪೋರ್ಟೆಲ್ಲಾ ತಗೊಂಡು ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡ್ ಬನ್ನಿ ಟೀಚರ್,” ಅಂದಳು. ಎರಡನೇ ಸಲ ನನಗೆ ರೇಗಿತು. “ಚುಚ್ಚೋದು ನಿನ್ ಕೆಲ್ಸ, ಚುಚ್ಚು. ಓದೋದು ನನಗ್ ಬರುತ್ತೆ,” ಅಂದೆ. ಸುತ್ತ ಐದಾರು ಜನ ಕೂತಿದ್ದರು. ಅವಳು ಹತ್ತಿ ಒತ್ತಿ, “ಐದ್ ನಿಮ್ಷ ಕೈ ಮಡಚ್ಕೊಂಡಿರಿ,” ಅಂದಳು, ಅಷ್ಟೇ.

ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಇಪ್ಪತ್ತೊಂಬತ್ತು ಬಂತು. ಪಕ್ಕದಲ್ಲಿ ನಾರ್ಮಲ್ ಅಂತ ಅಚ್ಚಾಗಿತ್ತು. ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, “ಇದೇ ಕೊನೆ ಕಣೇ. ಇನ್ಮೇಲೆ ಬರಲ್ಲ ನಾನು. ಎಷ್ಟ್ ಸಲ ಅಂತ ಪಾಸಾಗ್ಲಿ?” ಅಂತ ಹೇಳಿ ಮೆಟ್ಟಿಲಿಳಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ನಿಲ್ಲಲಿಲ್ಲ.

ಮಾರನೇ ದಿನ ಭಾನುವಾರ. ಸಂಜೆ ನಾಲ್ಕಕ್ಕೆ ಬಾಗಿಲು ಬಡಿದ ಸದ್ದಾಯಿತು. ಶಿರೀನ್ ಬಟ್ಟೆ ಚೀಲದಲ್ಲಿ ಆ ಲಾಂಗ್ ನೋಟ್‌ಬುಕ್ಕು ಹಿಡಿದು ನಿಂತಿದ್ದಳು. ರಾಮಸ್ವಾಮಿ, ಅಂದರೆ ನಮ್ಮ ಯಜಮಾನರು, ಅವಳನ್ನು ಒಳಗೆ ಕರೆದು ಕೂರಿಸಿ ಕಾಫಿಗೆ ಇಟ್ಟರು.

“ಟೀಚರ್, ರಿಪೋರ್ಟ್ ಹಿಂಗೈತೆ ಹಂಗೈತೆ ಅಂತ ಹೇಳೋ ಹಕ್ಕು ನನಗಿಲ್ಲ. ಅದು ಡಾಕ್ಟ್ರ ಕೆಲ್ಸ. ಅದಕ್ಕೇ ಲ್ಯಾಬಲ್ಲಿ ಹೇಳ್ದೆ ಮನೇಗ್ ಬಂದೆ. ನಿಮ್ಮತ್ರ ಹಳೇವು ಅವೆಯಾ?”

“ಶೆಟ್ಟರ ಅಂಗಡೀಲಿ ಕೇಳು,” ಅಂದೆ.

ಅವಳು ನಗಲಿಲ್ಲ. ಮೇಜಿನ ಮೇಲಿದ್ದ ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ, ನೋಟ್‌ಬುಕ್ಕು ನೋಡಿಕೊಂಡು ನನ್ನ ನಂಬರುಗಳನ್ನು ಒಂದು ಸಾಲಿನಲ್ಲಿ ಬರೆದಳು. 7, 7, 8, 11, 18, 29.

“ಎಲ್ಲಾ ಮೂವತ್ತೈದರ ಒಳಗೇ ಇದೆಯಲ್ಲೇ. ಎಲ್ಲಾ ಪಾಸೇ,” ಅಂದೆ.

“ಇನ್ನೊಂದ್ ಸಾಲ್ ಬರೀತೀನಿ, ಇದನ್ನೂ ನೋಡಿ ಟೀಚರ್.” ಅದರ ಕೆಳಗೆ ಬರೆದಳು. 8, 15, 24, 34. “ಇದು ಇನ್ನೊಬ್ರದ್ದು. ನೀವೇ ಹೇಳಿ, ಇವರದ್ದು ಹೆಂಗೈತೆ?”

ಲೆಕ್ಕ ಕೊಟ್ಟರೆ ಬಿಡಿಸದೆ ಇರಲಾರೆ. “ಇದೂ ಮೂವತ್ತೈದರ ಒಳಗೇ ಇದೆ, ಆದ್ರೆ ಏರ್ತಾ ಇದೆ. ಪ್ರತೀ ಸಲ ಏರಿದೆ, ಒಂದ್ಸಲನೂ ಇಳಿದಿಲ್ಲ. ಮುಂದಿನ ಸಲ ದಾಟೇ ದಾಟುತ್ತೆ. ಯಾರೇ ಇದು ಪಾಪ? ಈಗ್ಲೇ ಏನಾದ್ರೂ ಮಾಡ್ಬೇಕು,” ಅಂದೆ.

“ನಂದೇ ಟೀಚರ್. ಒಂಬತ್ತನೇ ಕ್ಲಾಸಿನ ಮಾರ್ಕ್ಸು, ಎಲ್ಲಾ ನೂರಕ್ಕೆ. ಮೊದಲ್ನೇ ಟೆಸ್ಟು, ಅರ್ಧವಾರ್ಷಿಕ, ಎರಡನೇ ಟೆಸ್ಟು, ಆನ್ಯುವಲ್ಲು.”

ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸದ್ದು ಕೇಳಿಸಿತು. ನಾನು ಆ ಹಾಳೆಯನ್ನೇ ನೋಡುತ್ತಾ ಕೂತೆ.

“ಆವಾಗ ನೀವು ಮೂವತ್ನಾಕು ಒಂದೇ ನೋಡಿ ಫೇಲ್ ಅಂದ್ರಿ. ಈಗ ಇಪ್ಪತ್ತೊಂಬತ್ತು ಒಂದೇ ನೋಡಿ ಪಾಸ್ ಅಂತಿದೀರಿ. ಒಂದೇ ಚುಕ್ಕಿ ಇಟ್ಕೊಂಡು ಗೆರೆ ಎಳೀಬೇಡ್ರೋ ಅಂತ ಗ್ರಾಫ್ ಪಾಠದಲ್ಲಿ ನೀವೇ ಬಾಯ್ ಬಡ್ಕೋತಿದ್ರಿ. ನನಗೆ ಎರಡ್ ವರ್ಷ ಹೇಳಿದೀರ, ಅದಕ್ಕೇ ಗಟ್ಟಿಯಾಗಿ ನೆನಪೈತೆ. ನಂಗೆ ಒಂದ್ ವರ್ಷ ಹೋಯ್ತು, ಹೋಗ್ಲಿ, ಚಿಕ್ಕೋಳಿದ್ದೆ. ನಿಮಗೆ...” ಅಂದವಳು ಸ್ಕಾರ್ಫಿನ ತುದಿಯಲ್ಲಿ ಮೂಗು ಒರೆಸಿಕೊಂಡಳು.

ನನಗೆ ಬಂದದ್ದು ಸಿಟ್ಟು. ನಾಚಿಕೆ ಮೊದಲು ಬರಬೇಕಿತ್ತು, ಬರಲಿಲ್ಲ. ನನ್ನ ಮನೆಗೆ ಬಂದು ನನಗೇ ಪಾಠ ಹೇಳುತ್ತಾಳಲ್ಲ ಅಂತ ಮೈಯೆಲ್ಲ ಉರಿಯಿತು. “ಎದ್ದು ಹೋಗ್ತೀಯಾ ಇಲ್ವಾ ಇಲ್ಲಿಂದ?” ಅಂತ ಕೂಗಿದೆ.

ಆಗ ನಮ್ಮ ಯಜಮಾನರು ಅಡುಗೆಮನೆಯಿಂದ ಬಂದರು. ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟುಕೊಂಡಿದ್ದ ಮನುಷ್ಯ, ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ನನ್ನೆದುರು ದನಿ ಎತ್ತಿದವರಲ್ಲ. “ಪಂಕಜಾ, ಬಾಯ್ಮುಚ್ಚು! ಆ ಮಗು ಹೇಳೋದು ಕೇಳು!” ಅಂದರು. ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿ, ಆ ಹಾಳೆಯನ್ನು ನನ್ನ ಮುಂದಕ್ಕೆ ತಳ್ಳಿದರು. ಮತ್ತೊಮ್ಮೆ ಆ ಸಾಲು ನೋಡಿದ ಮೇಲೆ ನನಗೆ ಭಯವಾಯಿತು. ನಿಜವಾದ ಭಯ. ಏಳು, ಎಂಟು, ಹನ್ನೊಂದು, ಹದಿನೆಂಟು, ಇಪ್ಪತ್ತೊಂಬತ್ತು. ನನ್ನ ಹೊಟ್ಟೆಯೊಳಗೆ ಏನೋ ಮತ್ತೆ ಬೆಳೆಯುತ್ತಿದೆ, ನಾನು ಅದಕ್ಕೆ ಸರಿ ಗುರುತು ಹಾಕಿಕೊಂಡು ಕೂತಿದ್ದೇನೆ.

ಸೋಮವಾರ ಬೆಳಗಿನ ರೈಲಿಗೇ ಶಿವಮೊಗ್ಗಕ್ಕೆ ಹೊರಟೆವು. ಕ್ಯಾಲೆಂಡರಿನ ಹಾಳೆ ನನ್ನ ಬ್ಯಾಗಿನಲ್ಲಿತ್ತು.

ಡಾಕ್ಟರ್ ಅಶ್ವಿನಿ ಮೇಲಿನ ಸಾಲನ್ನು ಬೆರಳಿಟ್ಟು ಓದಿದರು. ಕೆಳಗಿನ ಸಾಲು ಯಾರದ್ದು ಅಂತ ಕೇಳಿದರು, ನಾನು ಹೇಳಲಿಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಬೈದರು, ಬೈಸಿಕೊಂಡೆ.

“ನೋಡಿ ಮೇಡಂ, ಬರೀ ನಂಬರ್ ನೋಡಿ ಔಷಧಿ ಶುರು ಮಾಡೋಕ್ಕಾಗಲ್ಲ. ಕಾಯಿಲೆ ಎಲ್ಲಿದೆ ಅಂತ ಈ ನಂಬರ್ ಹೇಳೋದೂ ಇಲ್ಲ. ಆದ್ರೆ ನಿಮಗೆ ಏಳು ಇದ್ದಿದ್ದು ಇಪ್ಪತ್ತೊಂಬತ್ತಾಗಿದೆ. ಮೂವತ್ತೈದು ಎಲ್ಲರಿಗೂ ಹಾಕಿರೋ ಗೆರೆ. ನಿಮ್ಮ ಗೆರೆ ಏಳು. ಹುಡುಕಿ ನೋಡಿ ಅಂತ ಇದು ಹೇಳ್ತಿದೆ. ಹುಡುಕೋಣ.”

ಮೂರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ನಲವತ್ತೊಂದು, ಗೆರೆ ದಾಟಿತ್ತು. ಸಿ.ಟಿ. ಸ್ಕ್ಯಾನಿನಲ್ಲಿ ಕಿಬ್ಬೊಟ್ಟೆಯ ಎಡಭಾಗದಲ್ಲಿ ಅಡಿಕೆ ಗೋಟಿನ ಗಾತ್ರದ ಒಂದೇ ಒಂದು ಗಂಟು ಕಂಡಿತು. ಒಂದೇ ಇದೆ, ಒಂದೇ ಕಡೆ ಇದೆ, ನಿಮಗೆ ಶಕ್ತಿಯೂ ಇದೆ, ಪೂರ್ತಿ ತೆಗೆಯಬಹುದು ಅಂದರು ಡಾಕ್ಟರು. ತೆಗೆದರು. ಮತ್ತೆ ಕೀಮೋ, ಮತ್ತೆ ವಾಂತಿ, ಮತ್ತೆ ಬೋಳುತಲೆ. ಇನ್ನೆಂದೂ ಬರುವುದಿಲ್ಲ ಅಂತ ಡಾಕ್ಟರು ನನಗೆ ಭರವಸೆ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬಂದಿದ್ದರೆ ಆಪರೇಷನ್ ಆಗುತ್ತಿತ್ತಾ ಅಂತ ಮಾತ್ರ ಕೇಳಿದೆ. ಅವರು ನನ್ನ ಫೈಲು ಮುಚ್ಚಿ, “ಆ ಹಾಳೆ ಬರೆದೋರಿಗೆ ನನ್ನ ನಮಸ್ಕಾರ ಹೇಳಿ,” ಅಂದರು.

ಕೀಮೋ ಮುಗಿದು ಮೊದಲ ಸಲ ತರೀಕೆರೆಯ ಆ ಮೆಟ್ಟಿಲು ಹತ್ತಲು ಹೋದಾಗ, ಅರ್ಧಕ್ಕೇ ಉಸಿರು ಕಟ್ಟಿ ಕೂತುಬಿಟ್ಟೆ. ಯಾರು ಹೇಳಿದರೋ, ಶಿರೀನ್ ತಟ್ಟೆ ಹಿಡಿದು ಇಳಿದು ಬಂದಳು. ಮೆಟ್ಟಿಲ ಮೇಲೇ ನನ್ನ ಪಕ್ಕ ಕೂತು ಬಿಸಿನೀರಿನ ಬಟ್ಟೆ ಸುತ್ತಿದಳು. ಡಾಕ್ಟರ ನಮಸ್ಕಾರ ತಲುಪಿಸಿದೆ. ನಮಸ್ಕಾರಕ್ಕೆ ಅವಳ ಕಿವಿ ಕೆಂಪಾಯಿತು.

“ಆವತ್ತು ಎದ್ದು ಹೋಗು ಅಂದ್ನಲ್ಲೇ, ಹೋಗ್ಲಿಲ್ಲ ಯಾಕೆ?” ಅಂತ ಕೇಳಿದೆ.

“ಕಾಫಿ ಬರೋದಿತ್ತಲ್ಲ ಟೀಚರ್,” ಅಂದಳು. “ಕೈ ಸಡಿಲ ಬಿಡಿ.”

ಆ ಸಲ ಒಂಬತ್ತು ಬಂತು, ಮೂರು ತಿಂಗಳ ಮೇಲೆ ಎಂಟು. ಈಗ ನನ್ನ ಹತ್ತಿರವೂ ಒಂದು ಗ್ರಾಫ್ ಪುಸ್ತಕವಿದೆ. ಬಂದ ರಿಪೋರ್ಟಿನ ಚುಕ್ಕಿ ಅದರಲ್ಲಿಟ್ಟು, ರಿಪೋರ್ಟನ್ನು ಫೈಲಿಗೆ ಸೇರಿಸಿ, ಎರಡನ್ನೂ ಡಾಕ್ಟರಿಗೆ ತೋರಿಸಿ ಬರುತ್ತೇನೆ. ದಿನಸಿ ಪಟ್ಟಿಗೆ ಬೇರೆ ಕಾಗದ ತಂದಿದ್ದೇನೆ.

ಆದರೆ ಮನಸ್ಸಿಗೆ ಇನ್ನೊಂದು ಬಾಕಿ ಉಳಿದಿತ್ತು. ಶಿರೀನ್ ಹತ್ತಿರ ಆ ವಿಷಯ ಎತ್ತಿದರೆ, “ಬಿಡಿ ಟೀಚರ್, ಆಮೇಲೆ ಎಪ್ಪತ್ತೊಂದು ಕೊಟ್ರಲ್ಲ,” ಅಂತ ನಕ್ಕು ಮಾತು ಹಾರಿಸುತ್ತಾಳೆ. ಹೋದ ತಿಂಗಳು ನಾನು ಮನೆಯ ಹಳೇ ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ. ತರೀಕೆರೆಯಲ್ಲಿ ಕುಕ್ಕರ್ ರಿಪೇರಿ ಮಾಡುವವರಿಲ್ಲವೇ ಅಂತ ಯಜಮಾನರು ಕೇಳಿದರು. ಇದ್ದಾರೆ, ಇಲ್ಲದೆ ಏನು.

ನಜೀರ್ ಅಹಮದರಿಗೆ ಈಗ ಎಪ್ಪತ್ತಾರು. ಸೀಮೆಎಣ್ಣೆ ಸ್ಟೌ ಹೋಗಿ ಗ್ಯಾಸಿನ ಒಲೆ ಬಂದಿದೆ, ಅಂಗಡಿ ಅದೇ. ದಪ್ಪ ಕನ್ನಡಕ ಹಾಕಿಕೊಂಡು ನನ್ನನ್ನು ಗುರುತು ಹಿಡಿದು ಎದ್ದು ನಿಂತರು. “ಟೀಚರಮ್ಮಾ! ಕೂತ್ಕಳಿ, ಕೂತ್ಕಳಿ,” ಅಂತ ಸ್ಟೂಲು ಒರೆಸಿ ಹಾಕಿದರು. ನಾನು ಕೂರಲಿಲ್ಲ. ಆ ದಿನ ಅವರು ನಿಂತೇ ಮಾತಾಡಿದ್ದರು.

“ಸಾಹೇಬ್ರೇ, ಆ ವರ್ಷ ನಿಮ್ಮ ಮಗಳು ಎಂಟರಿಂದ ಮೂವತ್ನಾಲ್ಕಕ್ಕೆ ಬಂದಿದ್ಲು. ನಾನು ಅದನ್ನ ನೋಡ್ಲಿಲ್ಲ. ಆ ಒಂದು ಮಾರ್ಕು ಕೊಡ್ಬೇಕಿತ್ತು,” ಅಂದೆ.

‘ಅಯ್ಯೋ, ಅದೆಲ್ಲ ಯಾಕೆ ಟೀಚರಮ್ಮಾ, ಒಳ್ಳೇದಕ್ಕೇ ಆಯ್ತು’ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಹೌದು ಟೀಚರಮ್ಮಾ, ಕೊಡ್ಬೇಕಿತ್ತು,” ಅಂದರು. “ಆ ವರ್ಷ ಪೂರಾ ಮಗು ಹಿಂದಿನ ಬೀದೀಲಿ ಸ್ಕೂಲಿಗೆ ಹೋಗ್ತಿತ್ತು. ಮುಂದಿನ ಬೀದೀಲಿ ಅವಳ ಕ್ಲಾಸಿನೋರು ಹೋಗ್ತಿದ್ರಲ್ಲ, ಅದಕ್ಕೆ.”

ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ. ಅವರು ನೋಡಿಯೂ ನೋಡದವರ ಹಾಗೆ ಹಳೇ ರಬ್ಬರು ಕಿತ್ತು, ಹೊಸದು ಕೂರಿಸಿ, ಹಿಡಿಯ ಸ್ಕ್ರೂ ಬಿಗಿ ಮಾಡಿ, ಒಲೆಯ ಮೇಲೆ ನೀರಿಟ್ಟು ಪರೀಕ್ಷೆ ಮಾಡಿದರು. ವಿಷಲ್ ಜೋರಾಗಿ ಕೂಗಿತು.

“ಸರಿಯಾಯ್ತು ಅಲ್ವಾ?” ಅಂದೆ.

“ಒಂದ್ ವಿಷಲ್ ಬಂತು ಅಂತ ಸರಿಯಾಯ್ತು ಅನ್ಬೇಡಿ ಟೀಚರಮ್ಮಾ. ನಾಕ್ ದಿನ ಅಡಿಗೆ ಮಾಡಿ ನೋಡಿ, ಆಮೇಲ್ ಹೇಳಿ.”

“ಆಗ್ಲಿ, ನೋಡ್ತೀನಿ ಸಾಹೇಬ್ರೇ,” ಅಂತ ಹೇಳಿ, ಆಮೇಲೆ ಆ ಸ್ಟೂಲಿನ ಮೇಲೆ ಕೂತೆ.